ಬಣ್ಣದ ಕೋಣೆಯ ಬೆಂಕಿ

ಮನೆಗೆ ಬಣ್ಣ ಹೊಡೆಸುವುದೆಂದರೆ ಗೃಹಸ್ಥರ ಪಾಲಿಗೆ ಅರ್ಧ ಹಬ್ಬವಿದ್ದಂತೆ. ಮದುವೆಯೋ ಮುಂಜಿಯೋ ಹತ್ತಿರ ಬಂದಿರುತ್ತದೆ. ಗೋಡೆಗೆ ಯಾವ ಬಣ್ಣ, ಕಿಟಕಿಗೆ ಯಾವ ಬಣ್ಣ ಎಂಬ ಚರ್ಚೆಯಲ್ಲಿ ಮನೆಯ ಹಿರಿಯರಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಭಾಗಿಗಳಾಗುತ್ತಾರೆ. ಆದರೆ ಕೆಲಸ ಮುಗಿದ ಮೇಲೆ ಉಳಿದ ಡಬ್ಬಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆ ಮಾತ್ರ ಯಾರನ್ನೂ ಕಾಡುವುದಿಲ್ಲ. ಅದು ಮೆಟ್ಟಿಲ ಕೆಳಗಿನ ಕತ್ತಲೆಯ ಮೂಲೆಯನ್ನು ಸೇರುತ್ತದೆ. ಅದರ ಪಕ್ಕದಲ್ಲಿ ಅರ್ಧ ಖಾಲಿಯಾದ ಟರ್ಪೆಂಟೈನ್ ಸೀಸೆ, ಅದರ ಮೇಲೆ ಬಣ್ಣ ಒರೆಸಿದ ಹಳೆಯ ಪಂಚೆಯ ತುಂಡು. ವರ್ಷಗಳು ಉರುಳಿದರೂ ಆ ಮೂಲೆಯತ್ತ ಯಾರ ದೃಷ್ಟಿಯೂ ಹರಿಯುವುದಿಲ್ಲ.

ಮನೆಯಲ್ಲಾದರೆ ಇದು ಒಂದು ಡಬ್ಬಿಯ ಮಾತು. ಇದೇ ಅಭ್ಯಾಸವು ಮನೆಯ ಯಜಮಾನನೊಡನೆ ಅವನು ದುಡಿಯುವ ಸ್ಥಳಕ್ಕೂ ಹೋಗುತ್ತದೆ. ಪೀಠೋಪಕರಣದ ಕಾರ್ಖಾನೆ, ಮೋಟಾರು ದುರಸ್ತಿಯ ಗ್ಯಾರೇಜು, ಫಲಕ ಬರೆಯುವವರ ಅಂಗಡಿ, ಮುದ್ರಣಾಲಯ, ದೊಡ್ಡ ಕಚೇರಿಯ ನಿರ್ವಹಣಾ ವಿಭಾಗ, ಕಾಲೇಜಿನ ವರ್ಕ್‌ಷಾಪು, ಹೀಗೆ ಎಲ್ಲೆಲ್ಲಿಯೂ ಬಣ್ಣ, ವಾರ್ನಿಷ್, ತಿನ್ನರುಗಳಿಗೊಂದು ಹಿಂಕೋಣೆ ಇದ್ದೇ ಇರುತ್ತದೆ. ಅಲ್ಲಿ ಡಬ್ಬಿ ಒಂದಲ್ಲ, ನೂರು. ಆ ಕೋಣೆಯ ಗೋಡೆಗೆ ತಾಗಿಯೇ ಹತ್ತಾರು ಮಂದಿ ದಿನಕ್ಕೆ ಎಂಟು ಗಂಟೆ ಕುಳಿತು ಕೆಲಸ ಮಾಡುತ್ತಿರುತ್ತಾರೆ. ಆ ಹತ್ತಾರು ಮಂದಿಯ ಹಿಂದೆ ಹತ್ತಾರು ಸಂಸಾರಗಳಿವೆ. ಆದುದರಿಂದ ಬಣ್ಣದ ಕೋಣೆಯ ವಿಚಾರವು ಕಾರ್ಖಾನೆಯವರಿಗೆ ಮಾತ್ರ ಸೇರಿದ್ದೆಂದು ಗೃಹಿಣಿಯರು ಪುಟ ಮಗುಚುವಂತಿಲ್ಲ.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಮೆರಿಡಿಯನ್ ಪ್ಲಾಜಾ ಎಂಬ ಹೆಸರಿನ 38 ಅಂತಸ್ತುಗಳ ಕಟ್ಟಡವೊಂದಿತ್ತು. ಬ್ಯಾಂಕುಗಳು, ವಕೀಲರ ಕಚೇರಿಗಳು ತುಂಬಿದ್ದ ಆ ಭವ್ಯ ಸೌಧದ 22ನೆಯ ಅಂತಸ್ತಿನಲ್ಲಿ, 1991ರ ಫೆಬ್ರವರಿ ತಿಂಗಳಲ್ಲಿ, ಮರದ ಹಲಗೆಗಳಿಗೆ ಹೊಸದಾಗಿ ಮೆರುಗು ಕೊಡುವ ಕೆಲಸ ನಡೆದಿತ್ತು. ಕೆಲಸಗಾರರು ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುಂಡುಗಳಿಂದ ಮರವನ್ನು ಉಜ್ಜಿ, ಕೆಲಸ ಮುಗಿದ ಮೇಲೆ ಆ ತುಂಡುಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋದರು. ಫೆಬ್ರವರಿ 23, ಶನಿವಾರ. ಕಚೇರಿಗಳಿಗೆ ರಜೆ. ಯಾರೂ ಬೀಡಿ ಸೇದಲಿಲ್ಲ, ಯಾರೂ ಕಡ್ಡಿ ಗೀರಲಿಲ್ಲ, ಯಾವ ವಿದ್ಯುತ್ ತಂತಿಯೂ ಕಿಡಿ ಕಾರಲಿಲ್ಲ. ಆದರೂ ರಾತ್ರಿ ಎಂಟು ಗಂಟೆ ದಾಟಿದ ಮೇಲೆ ಆ ಬಟ್ಟೆಯ ರಾಶಿ ತನ್ನಷ್ಟಕ್ಕೆ ತಾನೇ ಹೊತ್ತಿಕೊಂಡಿತು.

ಎಚ್ಚರಿಕೆಯ ಗಂಟೆ ಬಾರಿಸಿತು. ಕಟ್ಟಡದ ನೌಕರನೊಬ್ಬನು ಏನಾಗಿದೆಯೆಂದು ನೋಡಿಬರಲು ಲಿಫ್ಟನ್ನೇರಿ ಮೇಲೆ ಹೋದನು. 22ನೆಯ ಅಂತಸ್ತಿನಲ್ಲಿ ಬಾಗಿಲು ತೆರೆದುಕೊಂಡಾಗ ಹೊಗೆಯೂ ಝಳವೂ ಅವನ ಮುಖಕ್ಕೇ ನುಗ್ಗಿದುವು. ನೆಲಕ್ಕೆ ಬಿದ್ದ ಅವನು ಕೈಯಲ್ಲಿದ್ದ ರೇಡಿಯೋದಲ್ಲಿ ಕೂಗಿಕೊಂಡ ಮೇಲೆ, ಕೆಳಗಿದ್ದವರು ಲಿಫ್ಟನ್ನು ತಿರುಗಿ ಕೆಳಗಿಳಿಸಿ ಅವನ ಜೀವವುಳಿಸಿದರು. ಬಳಿಕ ಬಂದ ಅಗ್ನಿಶಾಮಕ ದಳದವರ ಪಾಡು ಇನ್ನೂ ಕಠಿನವಾಯಿತು. ವಿದ್ಯುತ್ತು ಪೂರ್ಣ ಕೈಕೊಟ್ಟಿತು. ನೀರಿನ ಕೊಳವೆಗಳ ಒತ್ತಡವನ್ನು ನಿಯಂತ್ರಿಸುವ ಕವಾಟಗಳನ್ನು ಸರಿಯಾಗಿ ಹೊಂದಿಸಿರಲಿಲ್ಲವಾದುದರಿಂದ ಸಾಕಷ್ಟು ನೀರು ಮೇಲೆ ಚಿಮ್ಮಲಿಲ್ಲ. ಬೆಂಕಿ ಒಂದೊಂದೇ ಅಂತಸ್ತನ್ನು ಏರುತ್ತ ಹೋಯಿತು. ಕಟ್ಟಡವೇ ಕುಸಿದೀತೆಂಬ ಭಯದಿಂದ ಕೊನೆಗೆ ಎಲ್ಲರನ್ನೂ ಹೊರಗೆ ಕರೆಸಿಕೊಳ್ಳಬೇಕಾಯಿತು. 30ನೆಯ ಅಂತಸ್ತಿನಲ್ಲಿ ತಾನಾಗಿ ನೀರು ಸಿಂಪಡಿಸುವ ವ್ಯವಸ್ಥೆಯಿತ್ತು. ಅಲ್ಲಿಯ ಹತ್ತೇ ಹತ್ತು ನೀರಿನ ತೂಬುಗಳು ತೆರೆದುಕೊಂಡು, ನೂರಾರು ಮಂದಿಯಿಂದ ಆಗದಿದ್ದ ಕೆಲಸವನ್ನು ಮಾಡಿ, ಬೆಂಕಿಯನ್ನು ಅಲ್ಲಿಗೆ ತಡೆದುವು. ಅಷ್ಟರಲ್ಲಿ ಹೊಗೆಯಲ್ಲಿ ದಾರಿ ತಪ್ಪಿದ ಮೂವರು ಅಗ್ನಿಶಾಮಕರು ಪ್ರಾಣ ಬಿಟ್ಟಿದ್ದರು. ಸುಟ್ಟ ಕಟ್ಟಡ ವರ್ಷಗಟ್ಟಲೆ ಹಾಗೆಯೇ ನಿಂತಿದ್ದು, 1999ರ ಹೊತ್ತಿಗೆ ನೆಲಸಮವಾಯಿತು. ಒಂದು ಹಿಡಿ ಚಿಂದಿ ಬಟ್ಟೆಗೆ ತೆತ್ತ ಬೆಲೆ ಇಷ್ಟು!

ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದು ಹೇಗೆ? ಇದರಲ್ಲಿ ಮಾಯವೇನೂ ಇಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಬಳಸುವ ಅಗಸೆಯ ಬೀಜದಿಂದಲೇ ತೆಗೆಯುವ ಎಣ್ಣೆ ಅದು. ಬಣ್ಣಕ್ಕೂ ವಾರ್ನಿಷ್‌ಗೂ ಅದನ್ನು ಬಳಸುವುದು ಅದು ಒಣಗಿ ಗಟ್ಟಿಯಾದ ಪೊರೆಯಾಗುವುದರಿಂದ. ಆದರೆ ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಅದರೊಡನೆ ಸಂಯೋಗಗೊಂಡು ಒಣಗುತ್ತದೆ. ಈ ಸಂಯೋಗದಲ್ಲಿ ಶಾಖ ಹುಟ್ಟುತ್ತದೆ. ಮರದ ಮೇಲೆ ತೆಳ್ಳಗೆ ಹರಡಿದ್ದಾಗ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಬಟ್ಟೆಯನ್ನು ಮುದುರಿ ರಾಶಿ ಹಾಕಿದಾಗಲಾದರೋ, ಹೊರಪದರವು ಕಂಬಳಿಯಂತೆ ಹೊದ್ದುಕೊಂಡು ಒಳಗಿನ ಶಾಖವನ್ನು ಹೊರಬಿಡುವುದಿಲ್ಲ. ಶಾಖ ಹೆಚ್ಚಿದಷ್ಟೂ ಸಂಯೋಗದ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚುತ್ತದೆ. ಕೆಲವು ಗಂಟೆಗಳಲ್ಲಿ ರಾಶಿಯ ಗರ್ಭದಲ್ಲಿ ಹೊಗೆಯಾಡತೊಡಗುತ್ತದೆ. ಕೆಲಸಗಾರನು ಮನೆಗೆ ಹೋಗಿ ಊಟ ಮಾಡಿ ಮಲಗುವ ವೇಳೆಗೆ ಸರಿಯಾಗಿ ಅಂಗಡಿಯಲ್ಲಿ ಬೆಂಕಿ ಏಳುವುದು ಈ ಕಾರಣದಿಂದಲೇ.

ಎಣ್ಣೆಯ ಬಟ್ಟೆ ಒಂದು ಶತ್ರುವಾದರೆ, ಡಬ್ಬಿಯೊಳಗಿನ ದ್ರಾವಕವು ಅದಕ್ಕಿಂತ ದೊಡ್ಡ ಶತ್ರು. ಬಣ್ಣವೆಂಬುದು ಮೂರರ ಕೂಟ: ರಂಗು ಕೊಡುವ ಪುಡಿ, ಅದನ್ನು ಗೋಡೆಗೆ ಹಿಡಿಸುವ ಅಂಟು, ಇವೆರಡನ್ನೂ ತೆಳುವಾಗಿ ಹರಿಯುವಂತೆ ಮಾಡುವ ದ್ರಾವಕ. ಅಪಾಯದ ಬಹುಪಾಲು ಮೂರನೆಯದರಲ್ಲಿದೆ. ಚನ್ನಪಟ್ಟಣದ ಬೊಂಬೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿಯ ಕುಶಲಿಗಳು ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಅಂಟಿಕೊಳ್ಳುತ್ತದೆ. ದ್ರಾವಕದ ಗೊಡವೆಯೇ ಇಲ್ಲ. ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡಿದೊಡನೆ ಅದು ಬೆಂಕಿಯ ಬಂಧುವಾಗುತ್ತದೆ. ಗೋಡೆಗೆ ಹಚ್ಚುವ ನೀರಿನ ಬಣ್ಣಗಳೂ ಈ ದೃಷ್ಟಿಯಿಂದ ಸಾಧು ಪ್ರಾಣಿಗಳು. ಎಣ್ಣೆಯ ಬಣ್ಣ, ವಾರ್ನಿಷ್, ಮೋಟಾರುಗಳಿಗೆ ಸಿಂಪಡಿಸುವ ಲ್ಯಾಕರ್, ಇವೆಲ್ಲವನ್ನೂ ತೆಳು ಮಾಡುವ ತಿನ್ನರ್, ಇವುಗಳ ಮಾತೇ ಬೇರೆ.

ಇಲ್ಲಿ ತಿಳಿಯಬೇಕಾದ ಮೊದಲನೆಯ ಸತ್ಯವೇನೆಂದರೆ, ಉರಿಯುವುದು ದ್ರವವಲ್ಲ, ದ್ರವದಿಂದೇಳುವ ಆವಿ. ಯಾವ ಉಷ್ಣತೆಯಲ್ಲಿ ದ್ರವವು ಕಿಡಿ ತಾಗಿದರೆ ಭಗ್ಗೆನ್ನುವಷ್ಟು ಆವಿಯನ್ನು ಹೊರಬಿಡುತ್ತದೆಯೋ ಅದನ್ನು ಫ್ಲ್ಯಾಷ್ ಪಾಯಿಂಟ್, ಅಂದರೆ ಜ್ವಲನಬಿಂದು ಎನ್ನುತ್ತಾರೆ. ಅನೇಕ ತಿನ್ನರುಗಳಲ್ಲಿರುವ ಟಾಲೀನ್ ಎಂಬ ದ್ರವದ ಜ್ವಲನಬಿಂದು ಸುಮಾರು 4 ಡಿಗ್ರಿ ಸೆಂಟಿಗ್ರೇಡ್. ಅಸಿಟೋನಿನದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬೆಂಗಳೂರಿನ ಧನುರ್ಮಾಸದ ಮುಂಜಾವಿನ ಚಳಿಯಲ್ಲಿಯೂ ಇವು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತವೆ. ಎಣ್ಣೆಯ ಬಣ್ಣಕ್ಕೆ ಬೆರೆಸುವ ಖನಿಜ ಟರ್ಪೆಂಟೈನಿನ ಜ್ವಲನಬಿಂದು ಸಾಮಾನ್ಯವಾಗಿ 30ರಿಂದ 40 ಡಿಗ್ರಿಯವರೆಗೆ. ಅದು ತಕ್ಕಮಟ್ಟಿಗೆ ಸೌಮ್ಯವೆಂದು ತೋರಬಹುದು. ಆದರೆ ಕಲಬುರಗಿ, ರಾಯಚೂರುಗಳ ವೈಶಾಖದ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಕೋಣೆಯ ಬಿಸಿ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಒಂದೇ ಡಬ್ಬಿ ಮಾಗಿಯಲ್ಲಿ ಸಾಧುವಾಗಿಯೂ ಬೇಸಗೆಯಲ್ಲಿ ಉಗ್ರವಾಗಿಯೂ ವರ್ತಿಸುವ ರಹಸ್ಯವಿದು.

ಎರಡನೆಯ ಸತ್ಯ, ಈ ಆವಿಗಳು ಗಾಳಿಗಿಂತ ಭಾರ. ಟಾಲೀನಿನ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರವಾದುದು. ಅದು ಊದುಬತ್ತಿಯ ಹೊಗೆಯಂತೆ ಮೇಲೇರುವುದಿಲ್ಲ. ಕಣ್ಣಿಗೆ ಕಾಣದ ನೀರಿನಂತೆ ನೆಲದ ಮೇಲೆ ಹರಿದು, ಬಾಗಿಲ ಸಂದಿಯಿಂದ ನುಸುಳಿ, ಚರಂಡಿಯಲ್ಲಿ ಇಳಿದು, ದೂರದಲ್ಲೆಲ್ಲೋ ಉರಿಯುತ್ತಿರುವ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಹೊತ್ತಿದ ಜ್ವಾಲೆ ಬಂದ ದಾರಿಯಲ್ಲಿಯೇ ಹಿಂದಿರುಗಿ ಡಬ್ಬಿಯನ್ನು ಮುಟ್ಟುತ್ತದೆ. ಮೂರನೆಯ ಸತ್ಯ, ಇದಕ್ಕೆ ಬೇಕಾದ ದ್ರವ ಬಹಳ ಸ್ವಲ್ಪ. ಒಂದು ಲೀಟರು ಟಾಲೀನ್ ಪೂರ್ಣವಾಗಿ ಆವಿಯಾದರೆ 220 ಲೀಟರಿನಷ್ಟು ಆವಿಯಾಗುತ್ತದೆ. ಗಾಳಿಯ ನೂರು ಪಾಲಿನಲ್ಲಿ ಸುಮಾರು 1.2 ಪಾಲು ಈ ಆವಿ ಬೆರೆತರೂ ಸಾಕು, ಆ ಮಿಶ್ರಣ ಕಿಡಿಗೆ ಕಾದಿರುತ್ತದೆ. ಲೆಕ್ಕ ಹಾಕಿದರೆ, 8 ಅಡಿ ಉದ್ದ, 8 ಅಡಿ ಅಗಲ, 9 ಅಡಿ ಎತ್ತರದ ಕೋಣೆಯೊಂದನ್ನು ತುಂಬಲು ಒಂದು ಲೀಟರೇ ಹೆಚ್ಚಾಯಿತು. ಹಿಂಕೋಣೆಗಳ ಅಳತೆ ಹೆಚ್ಚು ಕಡಿಮೆ ಅಷ್ಟೇ ಅಲ್ಲವೆ?

ಈಗ ಒಂದು ಪೀಠೋಪಕರಣದ ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರು ಗೌರವಸ್ಥರು, ಕಾನೂನಿಗೆ ಅಂಜುವವರು. ಪಾಲಿಶ್ ಮೇಸ್ತ್ರಿ ತಲೆ ನರೆತ ಅನುಭವಿ. ಹಿಂಕೋಣೆಯಲ್ಲಿ ಬಾಯಿ ತೆರೆದ ತಿನ್ನರಿನ ಪೀಪಾಯಿ, ಮೂಲೆಯಲ್ಲಿ ಚಿಂದಿಯ ರಾಶಿ, ಬಾಗಿಲ ಪಕ್ಕದಲ್ಲಿ ಚಹದ ಒಲೆ.

“ಏನು ಮೇಸ್ತ್ರಿ, ಒಲೆಯನ್ನು ಇಲ್ಲಿ ತಂದಿಟ್ಟಿದ್ದೀರಲ್ಲ?” ಎನ್ನುತ್ತಾರೆ ಯಜಮಾನರು.

“ಮಳೆ ಬರುತ್ತಿತ್ತಲ್ಲ ಸ್ವಾಮಿ, ಅದಕ್ಕೆ ಒಳಗಿಟ್ಟೆವು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದೇವರ ದಯೆ, ಇದುವರೆಗೆ ಏನೂ ಆಗಿಲ್ಲ.”

“ಹಾಗಾದರೆ ಸರಿ” ಎಂದು ಯಜಮಾನರು ಮುಂದಕ್ಕೆ ಹೋಗುತ್ತಾರೆ.

ಸಂಭಾಷಣೆ ಅಲ್ಲಿಗೆ ಮುಗಿಯುತ್ತದೆ. ಇಬ್ಬರೂ ಕೆಟ್ಟವರಲ್ಲ; ಇಬ್ಬರೂ ದಡ್ಡರಲ್ಲ. ಮೂವತ್ತು ವರ್ಷ ಏನೂ ಆಗಲಿಲ್ಲವೆಂಬುದು ಮುಂದೆಯೂ ಆಗದೆಂಬುದಕ್ಕೆ ಪ್ರಮಾಣವೆಂದು ಇಬ್ಬರೂ ನಂಬಿದ್ದಾರೆ, ಅಷ್ಟೆ. ಒಲೆ ಮತ್ತು ಆವಿ ಪರಸ್ಪರ ಸಂಧಿಸದೆ ಉಳಿದದ್ದು ಮೇಸ್ತ್ರಿಯ ಜಾಣ್ಮೆಯಿಂದಲ್ಲ, ಗಾಳಿ ಬೀಸಿದ ದಿಕ್ಕಿನಿಂದ ಎಂಬುದು ಅವರಿಗೆ ತಿಳಿಯದು. ಗಾಳಿ ದಿಕ್ಕು ಬದಲಾಯಿಸಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಕಾನೂನು ಹುಟ್ಟಿದುದು ಇಂಥ ನಂಬಿಕೆಗಳಿಗೆ ತಡೆ ಹಾಕುವುದಕ್ಕಾಗಿ. ಭಾರತದಲ್ಲಿ 1934ರ ಪೆಟ್ರೋಲಿಯಂ ಕಾಯಿದೆ ಈ ವಿಷಯದಲ್ಲಿ ಮುಖ್ಯವಾದುದು. ಪೆಟ್ರೋಲಿಯಂ ಎಂದೊಡನೆ ಪೆಟ್ರೋಲ್ ಬಂಕಿನ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಕಾಯಿದೆಯ ಪರಿಭಾಷೆ ಬಹು ವಿಶಾಲವಾದುದು: ಯಾವುದೇ ದ್ರವರೂಪದ ಹೈಡ್ರೋಕಾರ್ಬನ್, ಹೈಡ್ರೋಕಾರ್ಬನ್ನುಗಳ ಮಿಶ್ರಣ, ಮತ್ತು ದ್ರವ ಹೈಡ್ರೋಕಾರ್ಬನ್ನನ್ನು ಒಳಗೊಂಡ ಉರಿಯುವ ಯಾವುದೇ ಮಿಶ್ರಣ, ಅದು ತೆಳುವಾಗಿರಲಿ, ಮಂದವಾಗಿರಲಿ, ಘನವಾಗಿರಲಿ, ಎಲ್ಲವೂ ಅದರ ಪರಿಧಿಯೊಳಗೆ ಬರುತ್ತವೆ. ಟಾಲೀನ್, ಖನಿಜ ಟರ್ಪೆಂಟೈನ್‌ಗಳಂಥ ಹೈಡ್ರೋಕಾರ್ಬನ್ ಸೇರಿದ ತಿನ್ನರು, ವಾರ್ನಿಷ್‌ಗಳಿಗೂ ಈ ಮಾತು ತಟ್ಟುತ್ತದೆ.

ಕಾಯಿದೆ ಇವುಗಳನ್ನು ಜ್ವಲನಬಿಂದುವಿನ ಪ್ರಕಾರ ಮೂರು ವರ್ಗಗಳಾಗಿ ವಿಂಗಡಿಸಿದೆ. 23 ಡಿಗ್ರಿಗಿಂತ ಕೆಳಗಿನವು ಎ ವರ್ಗ. 23ರಿಂದ 65ರ ಒಳಗಿನವು ಬಿ ವರ್ಗ. 65ರಿಂದ 93ರ ಒಳಗಿನವು ಸಿ ವರ್ಗ. ಎ ವರ್ಗದ ದ್ರವವನ್ನು, ಅದು ಮಾರಾಟಕ್ಕಲ್ಲದೆ ಸ್ವಂತ ಬಳಕೆಗಾಗಿ ಇದ್ದಲ್ಲಿ, 30 ಲೀಟರಿನವರೆಗೆ ಮಾತ್ರ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಅದಕ್ಕೂ ನಿಯಮಗಳುಂಟು: ಪಾತ್ರೆ ಗಾಜಿನದು, ಪಿಂಗಾಣಿ ಮಣ್ಣಿನದು ಅಥವಾ ಲೋಹದ್ದಾಗಿರಬೇಕು, ಬಾಯಿ ಭದ್ರವಾಗಿ ಮುಚ್ಚಿರಬೇಕು, ಗಾಜಿನ ಅಥವಾ ಮಣ್ಣಿನ ಪಾತ್ರೆಯಾದರೆ ಒಂದು ಲೀಟರನ್ನೂ, ಲೋಹದ್ದಾದರೆ 25 ಲೀಟರನ್ನೂ ಮೀರಿರಬಾರದು. ಬಿ ವರ್ಗದ ದ್ರವಕ್ಕೆ ಸಡಿಲಿಕೆ ಹೆಚ್ಚು: ಒಂದು ಸ್ಥಳದಲ್ಲಿ ಒಟ್ಟು 2500 ಲೀಟರು ಮೀರದೆ, ಯಾವ ಒಂದು ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಪರವಾನಗಿ ಬೇಡ. ಈ ಮಿತಿಗಳ ಆಚೆಗೆ ಹೋದವರು 2002ರ ಪೆಟ್ರೋಲಿಯಂ ನಿಯಮಗಳಿಗೆ ಒಳಪಟ್ಟು ಪರವಾನಗಿ ಪಡೆಯಬೇಕು. ನಾಗಪುರದಲ್ಲಿ ಪ್ರಧಾನ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ ಈ ವ್ಯವಹಾರವನ್ನು ನೋಡಿಕೊಳ್ಳುತ್ತದೆ.

ಮೇಲೆ ಹೇಳಿದ ಕಾರ್ಖಾನೆಯ ಪೀಪಾಯಿಯನ್ನು ಈ ಅಳತೆಗೋಲಿನಿಂದ ಅಳೆದರೆ ಸಂಗತಿ ಸ್ಪಷ್ಟವಾಗುತ್ತದೆ. ಪೇಟೆಯಲ್ಲಿ ದೊರೆಯುವ ದೊಡ್ಡ ಪೀಪಾಯಿ ಸುಮಾರು 200 ಲೀಟರಿನದು. ಟಾಲೀನ್ ತುಂಬಿದ ಅಂಥ ಒಂದೇ ಪೀಪಾಯಿಯಿಂದ ಯಜಮಾನರು ಪರವಾನಗಿಯಿಲ್ಲದ ಮಿತಿಯನ್ನು ಆರು ಪಟ್ಟು ದಾಟಿ ಹೋಗಿರುತ್ತಾರೆ. ಸಗಟಿನಲ್ಲಿ ಕೊಂಡರೆ ನಾಲ್ಕು ಕಾಸು ಉಳಿದೀತೆಂಬುದಷ್ಟೇ ಅವರ ಲೆಕ್ಕ. ತಪ್ಪು ಮಾಡುವ ಇರಾದೆ ಅವರಿಗೆ ಎಳ್ಳಷ್ಟೂ ಇರಲಿಲ್ಲ.

ಕಾರ್ಖಾನೆಗಳ ಒಳಗಿನ ವ್ಯವಸ್ಥೆಗೆ 1948ರ ಕಾರ್ಖಾನೆ ಕಾಯಿದೆ ಬುನಾದಿ ಹಾಕಿತು. ಅದರ 37ನೆಯ ಪ್ರಕರಣವು ಉರಿಯುವ ಆವಿ, ಅನಿಲ, ಧೂಳುಗಳನ್ನು ಕುರಿತದ್ದು. ಆವಿ ಹೊರಬೀಳದಂತೆ ಮುಚ್ಚಬೇಕು, ಶೇಖರವಾಗದಂತೆ ಹೊರದೂಡಬೇಕು, ಕಿಡಿಯ ಮೂಲಗಳನ್ನೆಲ್ಲ ದೂರವಿಡಬೇಕು ಎಂಬ ಮೂರು ಸೂತ್ರಗಳು ಅಲ್ಲಿವೆ. ಉರಿಯುವ ವಸ್ತು ಇದ್ದ ಪಾತ್ರೆಯನ್ನು, ಅದು ಬರಿದಾಗಿದ್ದರೂ ಸರಿಯೆ, ನಿರಪಾಯಗೊಳಿಸದೆ ಬೆಸುಗೆ ಹಾಕಬಾರದು, ಕತ್ತರಿಸಬಾರದು ಎಂದೂ ಅದು ವಿಧಿಸಿತು. ಬರಿದಾದ ಪೀಪಾಯಿ ತುಂಬಿದ ಪೀಪಾಯಿಗಿಂತ ಹೆಚ್ಚು ಅಪಾಯದ್ದೆಂಬುದು ಅನೇಕರಿಗೆ ಆಶ್ಚರ್ಯ ತಂದೀತು. ತುಂಬಿದ್ದರಲ್ಲಿ ಗಾಳಿಗೆ ಎಡೆಯಿಲ್ಲ. ಬರಿದಾದುದರಲ್ಲಿ ತಳದ ತೇವದಿಂದೆದ್ದ ಆವಿಯೂ ಗಾಳಿಯೂ ಕೂಡಿ ಕುಳಿತಿರುತ್ತವೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಹಳೆಯ ಕಾರ್ಖಾನೆ ಕಾಯಿದೆಯ ಜಾಗಕ್ಕೆ ರೂಪುಗೊಂಡದ್ದು. ಶಾಸನದ ಹೆಸರು ಬದಲಾದರೂ ಆವಿಯ ಗುಣ ಬದಲಾಗದಾದುದರಿಂದ, ಆ ಮೂರು ಸೂತ್ರಗಳು ಎಂದಿಗೂ ಹಳತಾಗುವುದಿಲ್ಲ.

ಹಾಗಾದರೆ ಬಣ್ಣದ ಕೋಣೆ ಹೇಗಿರಬೇಕು? ಮೊದಲನೆಯದಾಗಿ, ಅದು ಕೆಲಸದ ಸ್ಥಳದಿಂದಲೂ, ಹೊರಬೀಳುವ ದಾರಿಯಿಂದಲೂ, ಮೆಟ್ಟಿಲಿನಿಂದಲೂ ದೂರವಿರಬೇಕು. ಬೆಂಕಿ ಬಿದ್ದಾಗ ಓಡಬೇಕಾದ ದಾರಿಯಲ್ಲಿಯೇ ಬೆಂಕಿಯ ಬೀಜವನ್ನು ಬಿತ್ತುವುದು ವಿವೇಕವಲ್ಲ. ಗೋಡೆ ಇಟ್ಟಿಗೆಯದೋ ಕಾಂಕ್ರೀಟಿನದೋ ಆಗಿರಲಿ. ಗಾಳಿಗಂಡಿಗಳು ಮೇಲೆ ಮಾತ್ರವಲ್ಲ, ನೆಲದ ಮಟ್ಟದಲ್ಲಿಯೂ ಇರಲಿ. ಭಾರವಾದ ಆವಿ ಹೊರಹೋಗುವುದು ಕೆಳಗಿನ ಗಂಡಿಯಿಂದಲೇ. ಅಮೆರಿಕದ ಔದ್ಯೋಗಿಕ ನಿಯಮಗಳ ಪ್ರಕಾರ ಇಂಥ ಕೋಣೆಯ ಗಾಳಿ ಗಂಟೆಗೆ ಆರು ಸಲ ಪೂರ್ಣವಾಗಿ ಬದಲಾಗಬೇಕು. ಓಡಾಡಲು ಮೂರಡಿಯ ದಾರಿ ತೆರವಾಗಿರಬೇಕು. ಬಾಗಿಲಲ್ಲಿ ಕನಿಷ್ಠ ನಾಲ್ಕು ಅಂಗುಲದ ಹೊಸ್ತಿಲಿರಬೇಕು, ಇಲ್ಲವೆ ಕೋಣೆಯ ನೆಲವೇ ಅಷ್ಟು ತಗ್ಗಿನಲ್ಲಿರಬೇಕು. ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುವ ಮನೆಗಳಿಗೆ ಇದರ ಮಹತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪೀಪಾಯಿ ಒಡೆದು ಸೋರಿದರೂ ದ್ರವವು ಹೊಸ್ತಿಲು ದಾಟಿ ಹೊರಗೆ ಬರಬಾರದೆಂಬುದು ಅದರ ತಾತ್ಪರ್ಯ.

ಪ್ರತ್ಯೇಕ ಕೋಣೆ ಕಟ್ಟಲಾಗದ ಚಿಕ್ಕ ಸಂಸ್ಥೆಗಳಿಗೆ ಉಕ್ಕಿನ ಬೀರು ಉತ್ತಮ ಸಾಧನ. ಎರಡು ಪದರದ ತಗಡು, ನಡುವೆ ಒಂದೂವರೆ ಅಂಗುಲ ಗಾಳಿಯ ತೆರಪು, ಸೋರಿದ್ದನ್ನು ಹಿಡಿಯಲು ಬಾಗಿಲ ಬುಡದಲ್ಲಿ ಎರಡು ಅಂಗುಲದ ಕಟ್ಟೆ, ಇವು ಅದರ ಲಕ್ಷಣಗಳು. ಅಂಥ ಒಂದು ಬೀರುವಿನಲ್ಲಿ ಸುಲಭವಾಗಿ ಹೊತ್ತುವ ದ್ರವವನ್ನು 60 ಗ್ಯಾಲನ್, ಅಂದರೆ ಸುಮಾರು 227 ಲೀಟರಿಗಿಂತ ಹೆಚ್ಚು ಇಡಬಾರದೆಂದು ಅಮೆರಿಕದವರ ಕಟ್ಟಳೆ. ಬ್ರಿಟಿಷರು ಇನ್ನೂ ಬಿಗಿ. ಕೆಲಸದ ಕೋಣೆಯ ಬೀರುವಿನಲ್ಲಿ ಅತಿ ಬೇಗ ಹೊತ್ತುವ ದ್ರವಗಳು 50 ಲೀಟರು ಮೀರದಿರಲಿ ಎಂದು ಅಲ್ಲಿಯ ಸುರಕ್ಷತಾ ಅಧಿಕಾರಿಗಳ ಸಲಹೆ; ಕೋಣೆಯ ಗರಿಷ್ಠ ಉಷ್ಣತೆಗಿಂತ ಜ್ವಲನಬಿಂದು ಕಡಿಮೆಯಿರುವ ದ್ರವಗಳನ್ನೂ ಅವರು ಅದೇ ಸಾಲಿಗೆ ಸೇರಿಸುತ್ತಾರೆ. ರಾಯಚೂರಿನ ತಗಡಿನ ಮಾಡಿಗೆ ಇದಕ್ಕಿಂತ ಒಪ್ಪುವ ಮಾತಿಲ್ಲ. ಇಂಥ ಬೀರು ಕೊಳ್ಳಲು ಶಕ್ತಿಯಿಲ್ಲದವರೂ ಮಾಡಬಹುದಾದ ಕೆಲಸವೊಂದುಂಟು. ಅಂದಂದಿನ ಬಳಕೆಗೆ ಬೇಕಾದಷ್ಟನ್ನು ಮಾತ್ರ ಕೆಲಸದ ಸ್ಥಳಕ್ಕೆ ತರುವುದು, ಉಳಿದುದಕ್ಕೆ ಮುಚ್ಚಳ ಬಿಗಿಯುವುದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಪೀಪಾಯಿಯಿಂದ ಡಬ್ಬಿಗೆ ದ್ರವವನ್ನು ಬಗ್ಗಿಸುವಾಗ ಹರಿಯುವ ದ್ರವದ ಉಜ್ಜುವಿಕೆಯಿಂದ ವಿದ್ಯುತ್ತು ಹುಟ್ಟಿ ಸಣ್ಣ ಕಿಡಿಯಾಗಿ ಹಾರಬಹುದು. ಒಣ ಹವೆಯಲ್ಲಿ ರೇಷ್ಮೆ ಸೀರೆಯನ್ನು ಬಿಡಿಸುವಾಗ ಚಟಪಟ ಸದ್ದು ಕೇಳಿದ ಗೃಹಿಣಿಯರಿಗೆ ಇದು ಹೊಸದಲ್ಲ. ಲೋಹದ ಎರಡೂ ಪಾತ್ರೆಗಳನ್ನು ತಂತಿಯಿಂದ ಕೂಡಿಸಿ, ಪೀಪಾಯಿಯನ್ನು ಭೂಮಿಗೆ ಸೇರಿಸಿದರೆ ಕಿಡಿಗೆ ಆಸ್ಪದವಿಲ್ಲ. ಎಣ್ಣೆ ಹಿಡಿದ ಚಿಂದಿಯನ್ನು ಬಿಗಿಯಾದ ಮುಚ್ಚಳವುಳ್ಳ ಲೋಹದ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿಡಬೇಕು, ಇಲ್ಲವೆ ಬಯಲಿನಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಬೇಕು. ಉರಿಯುತ್ತಿರುವ ಎಣ್ಣೆ ಬಣ್ಣದ ಮೇಲೆ ಬಕೆಟ್ಟಿನ ನೀರು ಸುರಿದರೆ ಅದು ತೇಲಿ ಹರಡಿ ಬೆಂಕಿಯನ್ನೇ ಹೊತ್ತೊಯ್ಯುತ್ತದೆ. ನೊರೆ, ಒಣ ಪುಡಿ, ಇಲ್ಲವೆ ಇಂಗಾಲದ ಡೈಆಕ್ಸೈಡ್ ಇರುವ ನಂದಕಗಳು ಬಾಗಿಲ ಹೊರಗೆ ಕೈಗೆಟುಕುವಂತಿರಬೇಕು. ನಂದಕವನ್ನು ಕೋಣೆಯೊಳಗೇ ಇಟ್ಟರೆ ಬೇಕಾದಾಗ ಅದು ಬೆಂಕಿಯ ವಶದಲ್ಲಿರುತ್ತದೆ. ಬೆಂಕಿ ಕೈಮೀರುವಂತೆ ಕಂಡರೆ ಸಾಹಸಕ್ಕಿಳಿಯದೆ ಎಲ್ಲರೂ ಹೊರಬಿದ್ದು 101 ಸಂಖ್ಯೆಗೆ ಕರೆ ಮಾಡುವುದೇ ಪೌರುಷ.

ಡಬ್ಬಿಯ ಮೇಲಿನ ಗುರುತನ್ನು ಓದುವ ಅಭ್ಯಾಸವೂ ಬೇಕು. ಕೆಂಪು ಅಂಚಿನ ವಜ್ರಾಕೃತಿಯೊಳಗೆ ಜ್ವಾಲೆಯ ಚಿತ್ರವಿದ್ದರೆ ಅದು ಲೋಕದ ಅನೇಕ ದೇಶಗಳು ಒಪ್ಪಿಕೊಂಡಿರುವ ಎಚ್ಚರಿಕೆ. ತಯಾರಕರು ಕೊಡುವ ಸುರಕ್ಷತಾ ಮಾಹಿತಿಪತ್ರದಲ್ಲಿ 16 ಭಾಗಗಳಿರುತ್ತವೆ. ಅದರ 7ನೆಯ ಭಾಗದಲ್ಲಿ ವಸ್ತುವನ್ನು ಇಡುವ ಕ್ರಮ, 9ನೆಯದರಲ್ಲಿ ಜ್ವಲನಬಿಂದು ಸಿಕ್ಕುತ್ತದೆ. ಪತ್ರವನ್ನು ಕಚೇರಿಯ ಕಡತದಲ್ಲಿ ಮಲಗಿಸದೆ, ಅದರ ಸಾರವನ್ನು ಮೇಸ್ತ್ರಿಗೂ ಹುಡುಗರಿಗೂ ತಿಳಿಯುವ ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ ಯಜಮಾನನು ಅರ್ಧ ಗೆದ್ದಂತೆ.

ಇವೆಲ್ಲ ದೂರದೇಶದ ಮಾತೆಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. 2020ರ ನವೆಂಬರ್ 10ರಂದು ಬೆಂಗಳೂರಿನ ಬಾಪೂಜಿನಗರದ ಬಳಿ, ಹೊಸಗುಡ್ಡದಹಳ್ಳಿಯಲ್ಲಿ, ವಾಸದ ಮನೆಗಳ ನಡುವೆಯೇ ಇದ್ದ ರಾಸಾಯನಿಕಗಳ ಉಗ್ರಾಣವೊಂದು ಹೊತ್ತಿ ಉರಿಯಿತು. ಕಪ್ಪು ಹೊಗೆ ನಗರದ ಆಕಾಶಕ್ಕೇರಿತು. ನೆರೆಯವರು ಮನೆ ಬಿಟ್ಟು ಬೀದಿಗೆ ಓಡಬೇಕಾಯಿತು. 2024ರ ಫೆಬ್ರವರಿ 15ರ ಸಂಜೆ ದೆಹಲಿಯ ಅಲೀಪುರ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಎದ್ದ ಬೆಂಕಿ 11 ಮಂದಿಯನ್ನು ಆಹುತಿ ತೆಗೆದುಕೊಂಡಿತು. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು ಬಾಗಿಲವರೆಗೆ ಬಂದು ಕಳುಹಿಸಿದವರು ಆ ಸಂಜೆ ಯಾರ ದಾರಿಯನ್ನು ನೋಡಬೇಕು? ಪರವಾನಗಿಯ ಕಾಗದವನ್ನು ಕಿರುಕುಳವೆಂದು ಬಗೆಯುವ ಯಜಮಾನರು ಆ ಬಾಗಿಲುಗಳ ಬಳಿ ಒಂದು ಗಳಿಗೆ ನಿಂತುಬಂದರೆ, ಕಲಮುಗಳ ಅರ್ಥವನ್ನು ಯಾವ ವಕೀಲನೂ ಹೇಳಿಕೊಡಬೇಕಾಗದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಬಾವಿ ತೋಡುವ ಕಷ್ಟವೇನೂ ಇಲ್ಲಿಲ್ಲ. ಊಹೆಯ ಆ ಕಾರ್ಖಾನೆಯಲ್ಲಿ ಸಂಜೆ ಬೀಗ ಹಾಕುವ ಮುನ್ನ ಮೇಸ್ತ್ರಿಯು ಐದು ನಿಮಿಷ ಹಿಂಕೋಣೆಯನ್ನು ಸುತ್ತಿ ಬರಲಿ. ಪೀಪಾಯಿಯ ಬಾಯಿ ಮುಚ್ಚಿದೆಯೆ, ಚಿಂದಿ ನೀರಿನಲ್ಲಿದೆಯೆ, ಒಲೆ ಅಂಗಳದಾಚೆಗಿದೆಯೆ, ಮೂಗಿಗೆ ತಿನ್ನರಿನ ವಾಸನೆ ಬಡಿಯುತ್ತಿದೆಯೆ ಎಂದು ನೋಡಲಿ. ಯಜಮಾನರು ಪೀಪಾಯಿಯ ಬದಲು ಚಿಕ್ಕ ಡಬ್ಬಿಗಳನ್ನು ತರಿಸಲಿ, ಇಲ್ಲವೆ ಪರವಾನಗಿಗೆ ಅರ್ಜಿ ಬರೆಯಲಿ. ಮನೆಯವರೂ ಒಂದು ಕೆಲಸ ಮಾಡಬಹುದು. ರಾತ್ರಿ ಊಟಕ್ಕೆ ಕುಳಿತಾಗ, “ನಿಮ್ಮ ಕಚೇರಿಯಲ್ಲಿ ಬಣ್ಣದ ಡಬ್ಬಿಗಳನ್ನು ಎಲ್ಲಿಡುತ್ತಾರೆ?” ಎಂದು ಕೇಳಬಹುದು. ಉತ್ತರ ಗೊತ್ತಿಲ್ಲವೆಂದು ಬಂದರೆ, ಮರುದಿನ ನೋಡಿಕೊಂಡು ಬರುವಂತೆ ಹೇಳಬಹುದು. ಹಾಗೆಯೇ, ಮೆಟ್ಟಿಲ ಕೆಳಗಿನ ಆ ಮೂಲೆಯನ್ನು ತಾವೂ ಒಮ್ಮೆ ದೀಪ ಹಿಡಿದು ನೋಡಿ ಬಂದರೆ ಒಳಿತು. ದೀಪವೆಂದರೆ ಬ್ಯಾಟರಿ ದೀಪವೇ ಆಗಿರಲಿ.